ದಂಡಿಗೆ ಹೋದವರಿಗೊಂದು ಎಡೆ

ಗಂಡ ತೀರಿಕೊಂಡ ವರ್ಷ ನನಗೆ ಮಾಡಲು ಕೆಲಸವಿರಲಿಲ್ಲ. ಯಳಂದೂರಿನ ತಾಲ್ಲೂಕು ಕಚೇರಿಯಿಂದ ನಿವೃತ್ತಳಾಗಿ ಆಗಲೇ ಎರಡು ವರ್ಷವಾಗಿತ್ತು. ಕೊಳ್ಳೇಗಾಲದ ಮನೆಯಲ್ಲಿ ನಾನು, ಅವ್ವ, ಇಬ್ಬರೇ. ಬೆಳಿಗ್ಗೆ ಕಾಫಿ ಕಾಯಿಸುತ್ತಿದ್ದೆ, ಮಧ್ಯಾಹ್ನ ಮುದ್ದೆ ತಿರುವುತ್ತಿದ್ದೆ, ಸಂಜೆ ಟಿ.ವಿ. ಹಾಕುತ್ತಿದ್ದೆ. ಅದರಲ್ಲಿ ಏನು ಬಂತು ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಮಾತಾಡಿಸಲು ಬಂದವರು "ಅತ್ತುಬುಡಿ, ಅಗುರಾಯ್ತದೆ" ಎನ್ನುತ್ತಿದ್ದರು. ಅಳು ಬರುತ್ತಿರಲಿಲ್ಲ. ಬರದಿದ್ದರೆ ನಾನೇನು ಮಾಡಲಿ ಎಂದು ಒಳಗೊಳಗೇ ಸಿಟ್ಟಾಗುತ್ತಿದ್ದೆ. ಆ ಸಿಟ್ಟೂ ಬಾಗಿಲ ತನಕ ಬಂದು ವಾಪಸು ಹೋಗುತ್ತಿತ್ತು.

ಒಂದು ದಿನ ಅವರೆಕಾಯಿ ಸುಲಿಯುತ್ತಾ ಅವ್ವ ಹೇಳಿದಳು: "ನಮ್ಮಪ್ಪಂಗೊಂದು ಎಡೆ ಇಡ್ಬೇಕು ಕಣವ್ವ. ನಾನ್ ಓಗದ್ರೊಳಗೆ."

ಅವ್ವನಿಗೆ ಎಂಬತ್ತು ದಾಟಿದೆ. ಅವಳ ಊರು ಹನೂರಿನ ಕಡೆಯ ಶಾಗ್ಯ. ಅವಳಿನ್ನೂ ಅಂಬೆಗಾಲಿಡುತ್ತಿದ್ದಾಗ ಅವಳಪ್ಪ ದಂಡಿಗೆ ಹೋದರಂತೆ. ಜರ್ಮನಿಯವರ ಯುದ್ಧದ ಕಾಲ. ಹೋದವರು ಬರಲಿಲ್ಲ. ಸತ್ತರು ಎಂದು ಯಾರೂ ಹೇಳಲೂ ಇಲ್ಲ. ನಿಜವಾಗಿ ದಂಡಿಗೇ ಹೋದರೋ, ಸಂಸಾರ ಬೇಡವೆಂದು ಇನ್ನೆಲ್ಲಿಗಾದರೂ ಹೋದರೋ ಎಂಬ ಅನುಮಾನವೂ ಊರಿನಲ್ಲಿ ಇತ್ತು.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಯ ಸುತ್ತಮುತ್ತ ಮಾರ್ಲಮಿ ಮಾಡುತ್ತಾರೆ. ಸತ್ತ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಬಾಳೆಯೆಲೆಯಲ್ಲಿ ಬಡಿಸಿ, ಧೂಪ ಹಾಕಿ, ಅವರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿಕೊಂಡು ಹೊರಗೆ ಕೂರುತ್ತೇವೆ. ಅದೇ ಎಡೆ. ಶಾಗ್ಯದ ಮನೆಯಲ್ಲಿ ಅಜ್ಜನ ಅಪ್ಪನಿಗೆ, ಅಣ್ಣತಮ್ಮಂದಿರಿಗೆ, ಅತ್ತಿಗೆಯರಿಗೆ, ಎಲ್ಲರಿಗೂ ಎಲೆ ಬೀಳುತ್ತದೆ. ಈ ಅಜ್ಜನೊಬ್ಬನಿಗೆ ಇಲ್ಲ. ಬದುಕಿರುವವರಿಗೆ ಎಡೆ ಇಟ್ಟರೆ ಅವರ ಆಯಸ್ಸಿಗೆ ಕುಂದು ಎಂಬುದು ನಂಬಿಕೆ.

ಅಲ್ಲಿ ಪೂಜೆ ಮಾಡುವವನು ಅವ್ವನ ದೊಡ್ಡಪ್ಪನ ಮಗ, ನನಗೆ ಮಾವ. ನಾನು ಅವನಿಗೆ ಫೋನು ಮಾಡಿದೆ. "ಮಾವ, ಅಜ್ಜ ಬದುಕಿದ್ದರೆ ನೂರು ದಾಟಿ ಎಷ್ಟೋ ವರ್ಷ ಆಗಿರಬೇಕು" ಎಂದೆ.

"ಅದ್ಸರಿ ಕಣವ್ವ. ಸತ್ತದ್ದ ಕಂಡೋರ್ ಯಾರು? ಒಂದು ಕಾಗದ ತಕಂಡ್ ಬಾ. ಇಡ್ತೀನಿ" ಎಂದ.

ಕಿಟಕಿಯ ಮುಂದೆ ನಿಂತವರಿಗೆಲ್ಲ ಕಾಗದ ತನ್ನಿ ಎಂದು ಮೂವತ್ತು ವರ್ಷ ಹೇಳಿ ಸಂಬಳ ತೆಗೆದುಕೊಂಡವಳು ನಾನು. ಅವನ ಜೊತೆ ವಾದ ಮಾಡುವ ಬಾಯಿ ನನಗಿರಲಿಲ್ಲ.

ಅಜ್ಜಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅವ್ವನನ್ನು ಕೊಟ್ಟದ್ದು ಯಳಂದೂರಿನ ಪಕ್ಕದ ಮಾಂಬಳ್ಳಿಗೆ. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಅಜ್ಜಿ ವಯಸ್ಸಾದ ಮೇಲೆ ಆಗಾಗ ಬಂದು ನಮ್ಮೊಂದಿಗೆ ತಿಂಗಳುಗಟ್ಟಲೆ ಇರುತ್ತಿದ್ದಳು. ಹಣೆಯಲ್ಲಿ ಕಾಸಗಲ ಕುಂಕುಮ, ಬಲ ಮುಂಗೈ ಮೇಲೆ ಹೂಬಳ್ಳಿಯ ಹಚ್ಚೆ, ಕೈತುಂಬ ಹಸಿರು ಗಾಜಿನ ಬಳೆ. ಆದರೆ ಆ ಬಳೆ ಅವಳ ಕೈಗೆ ಒಂದು ಸುತ್ತು ದೊಡ್ಡವು. ಬೇರೆ ಹೆಂಗಸರು ಬಳೆಗಾರನ ಮುಂದೆ ಕೈ ಚಾಚಿ ನೋವಾದರೂ ಸರಿ ಎಂದು ಬಿಗಿಯಾಗಿ ತೊಡಿಸಿಕೊಳ್ಳುತ್ತಿದ್ದರು. ಬಳೆ ಎಷ್ಟು ಬಿಗಿಯೋ ಹೆಂಗಸಿನ ಕೈ ಅಷ್ಟು ಚೆಂದ ಎಂಬ ಲೆಕ್ಕ. ಅಜ್ಜಿ ಮಾತ್ರ ದೊಡ್ಡ ಅಳತೆಯದನ್ನೇ ಕೇಳುತ್ತಿದ್ದಳು. ಮುದ್ದೆ ತಿರುವುವಾಗ ಅವು ಮುಂಗೈಯಿಂದ ಮೊಣಕೈಗೆ ಜಾರುತ್ತಿದ್ದವು, ಕೈ ಇಳಿಸಿದರೆ ಹಚ್ಚೆಯ ಮೇಲೆ ಬಂದು ಬೀಳುತ್ತಿದ್ದವು. "ಅಜ್ಜಿ, ಯಾರ ಬಳೆ ಕದ್ದು ತಂದೆ?" ಎಂದು ನಾವು ಮಕ್ಕಳು ಕಾಡಿಸುತ್ತಿದ್ದೆವು. ಅವಳು ನಗುತ್ತಿದ್ದಳೇ ಹೊರತು ಉತ್ತರ ಕೊಡುತ್ತಿರಲಿಲ್ಲ.

ಗಂಡನ ಹೆಸರನ್ನು ಅವಳು ಒಮ್ಮೆಯೂ ಹೇಳಲಿಲ್ಲ. ಆ ಕಾಲದ ಹೆಂಗಸರು ಯಾರೂ ಹೇಳುತ್ತಿರಲಿಲ್ಲ, ಅದೇನು ದೊಡ್ಡದಲ್ಲ. ಯಾರಾದರೂ ಕೇಳಿದರೆ "ದಂಡಿಗೋಗವ್ರೆ, ಬತ್ತಾರೆ" ಎನ್ನುತ್ತಿದ್ದಳು, ಸಂತೆಗೆ ಹೋಗಿದ್ದಾರೆ ಎನ್ನುವವರ ದನಿಯಲ್ಲಿ. ಅವಳು ಸತ್ತಾಗ ಅರಿಶಿನ ಬಳಿದು, ಹಸಿರು ಸೀರೆ ಉಡಿಸಿ, ಮುತ್ತೈದೆಯನ್ನು ಕಳಿಸುವ ಹಾಗೆಯೇ ಕಳಿಸಿದರು. ಅಂದಿನಿಂದ ಪ್ರತಿ ಮಾರ್ಲಮಿಗೆ ಅವಳ ಎಡೆಯಲ್ಲಿ ಕುಂಕುಮ, ಹೂವು, ಒಂದು ಡಜನ್ ಹಸಿರು ಬಳೆ ಇರಲೇಬೇಕು. ಬಳೆಯನ್ನು ಅವ್ವನೇ ಕೊಂಡು ಒಯ್ಯುತ್ತಾಳೆ, ಅದೇ ದೊಡ್ಡ ಅಳತೆ. ಎಡೆ ತೆಗೆದ ಮೇಲೆ ಅದನ್ನು ಆ ಮನೆಯ ಮುತ್ತೈದೆಗೆ, ಅಂದರೆ ಮಾವನ ಹೆಂಡತಿಗೆ, ಕೊಡುವುದು ವಾಡಿಕೆ.

ನನ್ನ ಬಳೆ ತೆಗೆಸಿದ್ದು ಗಂಡ ಸತ್ತ ಹನ್ನೊಂದನೆಯ ದಿನ. ಬೇಡ ಎನ್ನಬಹುದಿತ್ತು. ಕಚೇರಿಯಲ್ಲಿ ತಹಶೀಲ್ದಾರರಿಗೇ ಎದುರು ಮಾತಾಡಿದವಳು ನಾನು. ಆದರೆ ಅಂದು ಯಾವುದಕ್ಕೂ ಬೇಡ ಎನ್ನುವಷ್ಟು ಶಕ್ತಿ ಇರಲಿಲ್ಲ. ನನ್ನ ಕೈ ಹಿಡಿದುಕೊಂಡವಳು ಅವ್ವನೇ. "ನಡ್ಕಂಡ್ ಬಂದದ್ದು, ಬುಡು" ಎಂದಳು. ಬಿಗಿ ಬಳೆ, ಹಾಗೇ ಬರಲಿಲ್ಲ, ಕಲ್ಲಿಗೆ ಕುಟ್ಟಿದರು. ಒಂದು ಚೂರು ಮಣಿಕಟ್ಟಿಗೆ ಚುಚ್ಚಿ ರಕ್ತ ಬಂತು. ಅದು ನನ್ನ ರಕ್ತ ಎಂದು ನೋಡಿದ್ದು ನೆನಪಿದೆ, ನೋವಾದದ್ದು ನೆನಪಿಲ್ಲ.

ಮಾವ ಕೇಳಿದ ಕಾಗದವನ್ನು ಹುಡುಕಲು ಶುರುಮಾಡಿದೆ. ಹುಡುಕುವುದು ನನಗೆ ಗೊತ್ತಿದ್ದ ಕೆಲಸ. ರೆಕಾರ್ಡ್ ರೂಮಿನಲ್ಲಿ ಕೂತು ಹಳೆಯ ಕೈಬರಹ ಓದಿದ್ದೇನೆ, ಗೆದ್ದಲು ತಿಂದ ಸಾಲುಗಳನ್ನು ಊಹಿಸಿದ್ದೇನೆ. ಪಹಣಿಯಲ್ಲಿ ಅಜ್ಜನ ಹೆಸರು ಸಿಕ್ಕಿತು. ಬೆಟ್ಟದ ದೇವರ ಹೆಸರು. ನಮ್ಮ ಕಡೆ ಕಲ್ಲು ಎಸೆದರೆ ಆ ಹೆಸರಿನವನ ಮೇಲೇ ಬೀಳಬೇಕು, ಅಷ್ಟು ಜನರಿದ್ದಾರೆ. ಮೈಸೂರಿಗೆ ಬಸ್ಸಿನಲ್ಲಿ ಹೋಗಿ ಬಂದೆ. ಮಾಜಿ ಸೈನಿಕರ ಕಚೇರಿಯಲ್ಲಿ ಕೇಳಿದೆ, ಹಳೆಯ ಮೈಸೂರು ಸೈನ್ಯದ ಪಟ್ಟಿಗಳು ಎಲ್ಲಿವೆಯೋ ಅಲ್ಲೆಲ್ಲ ಕೇಳಿದೆ. ಎಲ್ಲರೂ ಒಳ್ಳೆಯವರೇ, ಕುರ್ಚಿ ಕೊಟ್ಟರು, ಹುಡುಕಿದರು. ಆ ಹೆಸರಿನವರು ಹಲವರು ಸಿಕ್ಕರು, ಶಾಗ್ಯದವರು ಒಬ್ಬರೂ ಇಲ್ಲ. ಆರು ತಿಂಗಳು ಹೀಗೇ ಹೋಯಿತು. ಬೇಸರವೂ ಆಗಲಿಲ್ಲ, ಹೋಗುವುದು ಬರುವುದು ಅಭ್ಯಾಸವಾಗಿತ್ತು. ಊರಿನವರ ಅನುಮಾನವೇ ನಿಜವಿರಬೇಕು, ಈ ಮನುಷ್ಯ ದಂಡಿಗೆ ಹೋಗಿಯೇ ಇಲ್ಲ ಎಂದುಕೊಂಡೆ.

ನಮ್ಮ ಕಚೇರಿಯಲ್ಲಿ ಸರ್ವೆಯರ್ ಆಗಿದ್ದವರೊಬ್ಬರು ನನ್ನ ಜೊತೆಯಲ್ಲೇ ನಿವೃತ್ತರಾದರು. ಮಾರ್ಟಳ್ಳಿಯವರು. ಮನೆಯಲ್ಲಿ ತಮಿಳು, ಹೊರಗೆ ಕನ್ನಡ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರು ಎಲ್ಲಿಗೆ ಎಂದರು. ಮೈಸೂರಿಗೆ, ಅಜ್ಜನನ್ನು ಹುಡುಕಲು ಎಂದೆ. ಕಥೆಯೆಲ್ಲ ಕೇಳಿದರು. "ಮೇಡಂ, ತಾತ ಯಾವೂರು?" ಎಂದರು.

"ಶಾಗ್ಯ."

"ಅಲ್ಲ ಮೇಡಂ, ಆಗ ಶಾಗ್ಯ ಯಾರ್ದು? ನಮ್ದೆಲ್ಲ ಕೊಯಮತ್ತೂರ್ ಜಿಲ್ಲೆ ಅಲ್ವಾ? ಮದ್ರಾಸ್ನೋರದು. ನಮ್ ತಾತನ ಪೇಪರೆಲ್ಲ ಅಲ್ಲಿಂದ್ಲೇ ತರಿಸಿದ್ದು. ನೀವು ಮೈಸೂರಲ್ಲಿ ಹುಡುಕುದ್ರೆ ಎಂಗ್ ಸಿಕ್ತಾರೆ?"

ನಾನು ಬ್ಯಾಗು ಹಿಡಿದು ನಿಂತಿದ್ದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಯಳಂದೂರು ಮೈಸೂರು ಮಹಾರಾಜರ ಕಡೆ. ಕೊಳ್ಳೇಗಾಲ, ಹನೂರು ಎಲ್ಲ ರಾಜ್ಯಗಳ ವಿಂಗಡಣೆಯಾಗುವವರೆಗೂ ಮದರಾಸಿನ ಕಡೆ. ಎಷ್ಟೋ ಜನರಿಗೆ ನಾನೇ ಹೇಳಿ ಕಳಿಸಿದ್ದೇನೆ. ಆದರೆ ಮಾಂಬಳ್ಳಿಯಲ್ಲಿ ಹುಟ್ಟಿ ಯಳಂದೂರಿನ ಕಡತ ನೋಡಿಕೊಂಡೇ ತಲೆ ನರೆತವಳಿಗೆ ನಮ್ಮಜ್ಜನೂ ಮೈಸೂರಿನವನೇ ಆಗಿಬಿಟ್ಟಿದ್ದ. ಇಪ್ಪತ್ತು ಮೈಲಿ ಆಚೆಯ ಊರನ್ನು ಬೇರೆ ಸೀಮೆ ಎಂದು ನೋಡಲು ಹೊಳೆಯಲೇ ಇಲ್ಲ. ಮೈಸೂರಿನ ಬಸ್ಸು ಹೋಯಿತು, ನಾನು ಹತ್ತಲಿಲ್ಲ.

ಅರ್ಜಿಯನ್ನು ಅವರೇ ತಮಿಳಿನಲ್ಲಿ ಬರೆದುಕೊಟ್ಟರು. ಮೂರು ತಿಂಗಳಾದ ಮೇಲೆ ಕೊಯಮತ್ತೂರಿನಿಂದ ದಪ್ಪನೆಯ ಲಕೋಟೆ ಬಂತು. ಒಂದಷ್ಟು ಇಂಗ್ಲಿಷು, ಉಳಿದದ್ದು ತಮಿಳು. ಅವರಿಗೆ ಫೋನು ಮಾಡಿದೆ, ಮರುದಿನ ಹತ್ತು ಗಂಟೆಯ ಬಸ್ಸಿಗೆ ಮನೆಗೆ ಬಂದರು. ಅವ್ವ ಒಂದು ಪಕ್ಕದಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು.

ಇಂಗ್ಲಿಷು ನಾನೇ ಓದಿದೆ. ಹೆಸರು, ಅಪ್ಪನ ಹೆಸರು, ಶಾಗ್ಯ. ರಸ್ತೆ ಹಾಕುವ, ಸೇತುವೆ ಕಟ್ಟುವ ಕೂಲಿ ದಳ. ಅಸ್ಸಾಮಿನ ಕಡೆ. ಜ್ವರ ಬಂದು ದಂಡಿನ ಆಸ್ಪತ್ರೆಯಲ್ಲಿ ಸತ್ತದ್ದು.

"ಬಂದೂಕ ಕೊಟ್ಟಿರ್ನಿಲ್ವಾ?" ಎಂದಳು ಅವ್ವ.

"ಇಲ್ಲ ಅವ್ವ. ಗುದ್ದಲಿ ಕೊಟ್ಟಿದ್ದರು."

ಅವಳು ಅಕ್ಕಿಯಿಂದ ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟಳು. "ಇಲ್ಲೂ ಅದ್ನೆ ಮಾಡ್ತಿದ್ನಂತೆ" ಎಂದಳು.

ಸಿಕ್ಕಿತಲ್ಲ, ಮುಗಿಯಿತು ಎಂದುಕೊಂಡೆ. ಸರ್ವೆಯರು ತಮಿಳಿನ ಹಾಳೆಗಳನ್ನು ತಿರುವಿ ಹಾಕುತ್ತಿದ್ದವರು ಒಂದು ಹಾಳೆಗೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮೇಡಂ, ಇದು ನಿಮ್ಮಜ್ಜೀದು. ಪೆನ್ಷನ್ ಪೇಪರು. ಸತ್ತ ಸಿಪಾಯಿ ಹೆಂಡ್ತಿಗೆ ಕೊಡೋದು. ಕೊಳ್ಳೇಗಾಲದ ಖಜಾನೇಲಿ ತಗೊಂಡಿದಾರೆ" ಎಂದರು.

"ಅವಳಿಗೆ ಗೊತ್ತಿರಲಿಲ್ಲ" ಎಂದೆ. "ಅವಳು ಕಾಯುತ್ತಿದ್ದಳು. ಅದು ಬೇರೆ ಯಾರದೋ ಇರಬೇಕು, ಇದೇ ಹೆಸರಿನವರು ತುಂಬ ಜನ."

ಅವರು ಬೆರಳಿಟ್ಟು ಓದಿದರು. ಗಂಡ ಸತ್ತವಳು. ಮಗಳು ಒಬ್ಬಳು. ಗುರುತು, ಬಲ ಮುಂಗೈ ಮೇಲೆ ಹೂಬಳ್ಳಿಯ ಹಚ್ಚೆ. ಕೆಳಗೆ ಎಡಗೈ ಹೆಬ್ಬೆಟ್ಟು. ಮುಂದಿನ ಹಾಳೆಗಳಲ್ಲಿ ವರ್ಷವರ್ಷದ್ದೂ ಇತ್ತು: ಬದುಕಿದ್ದಾಳೆ, ಮರುಮದುವೆಯಾಗಿಲ್ಲ, ಹೆಬ್ಬೆಟ್ಟು. ಬದುಕಿದ್ದಾಳೆ, ಮರುಮದುವೆಯಾಗಿಲ್ಲ, ಹೆಬ್ಬೆಟ್ಟು. ಪೆನ್ಷನ್ನಿಗೆಂದು ಅಂಥದೇ ಕಾಗದಕ್ಕೆ ಹಿಂದಿನ ನವೆಂಬರಿನಲ್ಲಿ ಬ್ಯಾಂಕಿನಲ್ಲಿ ನಾನೂ ಸಹಿ ಹಾಕಿ ಬಂದಿದ್ದೆ.

ಅವ್ವ ಮೊರ ಕೆಳಗಿಟ್ಟಳು. ಸರ್ವೆಯರು ಕಾಫಿ ಕುಡಿದು ಹೊರಟರು. ಅವರು ಹೋದ ಮೇಲೆ, "ಅಚ್ಚೆ ನಮ್ಮವ್ವಂದೇಯ" ಎಂದಳು. ಆಮೇಲೆ ಗೋಡೆ ನೋಡಿಕೊಂಡು ಹೇಳುತ್ತಾ ಹೋದಳು.

"ನಮ್ಮವ್ವ ರೇಷ್ಮೆ ನೂಲ್ ತೆಗೀತಿತ್ತಲ್ಲ. ತಿಂಗ್ಳಿಗೊಂದ್ ದಪ ನೂಲ್ ಕೊಡಕೆ ಅಂತ ಕೊಳ್ಳೇಗಾಲಕ್ಕೆ ಕರ್ಕಂಡ್ ಬರದು. ಊರ್ ಮುಂದ್ಲ ಕೆರೇಲಿ ಮೊಕ ತೊಳಿಯದು. ಕುಂಕುಮ ಎಲ್ಲ ಓಗಗಂಟ ತೊಳಿಯದು. ಆಮೇಕೆ ಬಳೆ ಬಿಚ್ಚಿ ನನ್ ಲಂಗದ ಮಡ್ಲಿಗಾಕಿ, ಒಡೀಬ್ಯಾಡ ಅನ್ನದು. ಸೆರಗ ತಲೆ ಮೇಕೆ ಎಳ್ಕಂಡು ಕಚೇರಿ ಒಳಕ್ಕೋಗದು. ನಾನು ಆಚೆ ಮರದ ಬುಡದಲ್ಲಿ ಬಳೆ ಕಾಯ್ಕಂಡ್ ಕೂತಿರದು. ಯಾಕವ್ವ ಬಿಚ್ತೀಯೆ ಅಂದ್ರೆ, ಕಚೇರೀಲಿ ಬಳೆ ಸದ್ದಾದ್ರೆ ಸಾಯೇಬ್ರು ಬಯ್ತಾರೆ ಕಣ್ ಮಗ ಅನ್ನದು. ವಾಪಸ್ ಬರೋವಾಗ ಅದೇ ಕೆರೇಲಿ ಮತ್ತೆ ಇಕ್ಕಂಡು, ಕುಂಕುಮ ಅಚ್ಕಂಡು, ನಂಗೆ ಬೆಂಡು ಬತ್ತಾಸು ಕೊಡ್ಸದು."

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನೆನಪಾಯಿತು. ಮಾಂಬಳ್ಳಿಯ ಮನೆ ಬಾಗಿಲಲ್ಲಿ ಅವ್ವ ನನ್ನ ಕೈ ನೋಡಿ, "ಲೇ, ಬಳೆ ಬಿಚ್ಚಿಟ್ಟೋಗು, ಕಚೇರೀಲಿ ಸದ್ದಾದ್ರೆ ಬಯ್ತಾರೆ" ಎಂದಿದ್ದಳು. ನಾನು ಬಿದ್ದು ಬಿದ್ದು ನಕ್ಕಿದ್ದೆ. ಕಚೇರಿಯಲ್ಲೂ ಹೇಳಿ ಎಲ್ಲರನ್ನೂ ನಗಿಸಿದ್ದೆ.

ಅಜ್ಜಿ ಯಾಕೆ ಮುಚ್ಚಿಟ್ಟಳು ಎಂಬುದು ನನಗೆ ಹೊಳೆಯದ್ದೇನಲ್ಲ. ಗಂಡು ಮಗನಿಲ್ಲದ ಎಳೆಯ ಹೆಂಗಸು. ಗಂಡ ಬರುತ್ತಾನೆ ಎನ್ನುವವರೆಗೆ ಆ ಮನೆಯಲ್ಲಿ ಅವನ ಪಾಲು ಅವನದೇ, ಅವಳು ಅವನ ಹೆಂಡತಿ. ಸತ್ತ ಎಂದ ದಿನ ಭಾವ ಮೈದುನಂದಿರ ಮನೆಯ ಮೂಲೆಯಲ್ಲಿ ಅವಳೊಂದು ಬೋಳು ಕೈ. ಅರವತ್ತು ವರ್ಷದ ಹಿಂದೆ ಸತ್ತವರ ಹೆಸರಿನಲ್ಲೇ ಉಳಿದ ಜಮೀನುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಖಾತೆ ಬದಲಾಯಿಸಲು ಯಾಕೆ ಬರಲಿಲ್ಲ ಎಂದು ವಾರಸುದಾರರನ್ನು ಬಯ್ದಿದ್ದೇನೆ. ಇದನ್ನೆಲ್ಲ ಅವ್ವನಿಗೆ ಬಿಡಿಸಿ ಹೇಳಿದೆ.

"ಊರ್ಗೆ ಸುಳ್ಳೇಳ್ಲಿ" ಎಂದಳು ಅವ್ವ. "ನಂಗ್ಯಾಕ್ ಯೋಳ್ನಿಲ್ಲ? ಕಾಕಿ ಅಂಗಿಯೋರ್ ಯಾರೇ ಬಸ್ಸಿಳುದ್ರೂ ನಾನ್ ಓಡೋಗಿ ನೋಡ್ತಿದ್ದೆ. ಮದ್ವೇಲಿ ಧಾರೆ ಒತ್ನಲ್ಲೂ ಬಾಗ್ಲ ಕಡೀಕೇ ನೋಡ್ತಿದ್ದೆ. ನಮ್ಮವ್ವ ಪಕ್ದಲ್ಲೇ ನಿಂತಿತ್ತು. ನೋಡ್ತಿದ್ದದ್ದ ನೋಡ್ಕಂಡು ಸುಮ್ಗಿತ್ತು."

ಅವಳು ಅಂದು ಉಣ್ಣಲಿಲ್ಲ. ಮರುದಿನವೂ ಎರಡೇ ತುತ್ತು. ನನಗೂ ಸಂಕಟವಾಗಬೇಕಿತ್ತು. ಆಗಲಿಲ್ಲ ಎನ್ನುವುದಕ್ಕೆ ನಾಚಿಕೆಯಾಯಿತು, ಅಷ್ಟು ಮಾತ್ರ.

ಮಾರ್ಲಮಿಗೆ ಶಾಗ್ಯಕ್ಕೆ ಹೋಗುತ್ತಾಳೋ ಇಲ್ಲವೋ ಎಂಬ ಅನುಮಾನ ನನಗಿತ್ತು. ಆದರೆ ಹಿಂದಿನ ದಿನ ಸೀರೆ ಉಟ್ಟು, "ಅಂಗ್ಡಿ ಬೀದಿಗೆ ಕರ್ಕಂಡೋಗು" ಎಂದಳು. ತನ್ನಪ್ಪನ ಎಡೆಗೆಂದು ಒಂದು ಪಂಚೆ, ಟವೆಲು ತೆಗೆದಳು. ಆಮೇಲೆ ಬಳೆ ಅಂಗಡಿಯ ಮುಂದೆ ನಿಂತು, ಒಂದು ಗಳಿಗೆ ನಿಂತೇ ಇದ್ದು, ಹಸಿರು ಗಾಜಿನದು ಒಂದು ಡಜನ್ ಕೇಳಿದಳು. ಪ್ರತಿ ವರ್ಷದ ಅಳತೆಯೇ.

ಶಾಗ್ಯದಲ್ಲಿ ಮಾವ ಕಾಗದಗಳನ್ನು ಬೆಳಕಿಗೆ ಹಿಡಿದು ನೋಡಿದ. ಕಾಲೇಜು ಓದುವ ಮೊಮ್ಮಗಳಿಂದ ಇಂಗ್ಲಿಷು ಓದಿಸಿದ. ತಮಿಳಿನದಕ್ಕೆ ಸರ್ವೆಯರು ಕನ್ನಡದಲ್ಲಿ ಬರೆದುಕೊಟ್ಟ ಅರ್ಥವಿತ್ತು, ಅದನ್ನು ತಾನೇ ನಿಧಾನಕ್ಕೆ ಓದಿದ. ಕಣ್ಣಿಗೊತ್ತಿಕೊಂಡು ಮಡಚಿಟ್ಟ. "ಚಿಕ್ಕಪ್ಪಂಗೆ ಎಲೆ ಆಕ್ರಿ" ಎಂದ. ಅಣ್ಣತಮ್ಮಂದಿರ ನಡುವೆ ಜಾಗ ಸರಿಸಿ ಒಂದು ಎಲೆ ಹಾಸಿದರು. ಏನು ಇಷ್ಟ ಎಂದು ತಿಳಿದವರು ಯಾರೂ ಉಳಿದಿರಲಿಲ್ಲವಾದ್ದರಿಂದ ಎಲ್ಲ ಅಡುಗೆಯಲ್ಲೂ ಒಂದೊಂದು ಚೂರು ಬಡಿಸಿದರು. ಕಜ್ಜಾಯ ಮಾತ್ರ ಅವ್ವ ಎರಡು ಇಟ್ಟಳು.

ಅಜ್ಜಿಯ ಎಲೆಯ ಹತ್ತಿರ ಮಾವನ ಹೆಂಡತಿ ಬಳೆ, ಕುಂಕುಮದ ತಟ್ಟೆ ತಂದಾಗ ಮಾವ ಕೈ ಅಡ್ಡ ಹಿಡಿದ. "ಅಕ್ಕಾ, ಇದ ಇಡಂಗಿಲ್ವಲ್ಲ" ಎಂದ. ದನಿಯಲ್ಲಿ ಕೆಟ್ಟದ್ದೇನಿರಲಿಲ್ಲ, ಅವನಿಗೂ ಕಸಿವಿಸಿಯೇ. "ಕಾಗದದಲ್ಲಿ ಗಂಡ ಸತ್ತೋಳು ಅಂತದೆ. ಚಿಕ್ಕಪ್ಪಂಗೆ ಎಡೆ ಇಟ್ಮೇಲೆ ಚಿಕ್ಕವ್ವಂಗೆ ಬಳೆ ಎಂಗ್ ಇಡದು?"

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಕಾಗದ ತಂದವಳು ನಾನು. ನಾನು ಅವ್ವನ ಮುಖ ನೋಡಿದೆ. ಅವಳು ಒಂದು ವಾರದಿಂದ ತನ್ನವ್ವನ ಮೇಲೆ ಮುನಿಸಿಕೊಂಡಿದ್ದಳು; ತೆಗೆದಿಡಿ ಎಂದುಬಿಡುತ್ತಾಳೆ ಎಂದುಕೊಂಡೆ.

ಅವ್ವ ತಟ್ಟೆಯಿಂದ ಬಳೆ ಎತ್ತಿಕೊಂಡಳು. "ಕಾಗದ ಕೇಳ್ದೆ, ತಂದ್ಕೊಟ್ಟಿವ್ನಿ" ಎಂದಳು. "ಆ ಕಾಗದಕ್ಕೆ ಎಬ್ಬೆಟ್ ಒತ್ತುದ್ಮೇಲೂ ಇಕ್ಕಂಡಿದ್ದ ಬಳೆ ಕಣಪ್ಪ ಇವು. ಬದ್ಕಿದ್ದಾಗ್ಲೇ ಬಿಚ್ಚಾಕ್ಸಕೆ ಯಾರ್ ಕೈಲೂ ಆಗ್ನಿಲ್ಲ. ನೀನು ಈಗ ಬಿಚ್ಚುಸ್ತೀಯಾ?"

ಮಾವ ಕೈ ಹಿಂದಕ್ಕೆ ತೆಗೆದುಕೊಂಡ. ಅವ್ವ ಬಾಗಿ ಬಳೆಯನ್ನು ಎಲೆಯ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿದಳು. ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಜಗುಲಿಯಲ್ಲಿ ಕೂತೆವು. ಒಳಗೆ ಇಬ್ಬರೂ ಒಟ್ಟಿಗೆ ಕೂತು ಉಣ್ಣುತ್ತಿರಬಹುದೇ ಎಂದು ಯೋಚಿಸಿದೆ. ಅಜ್ಜಿ ಅವನಿಗೆ ಏನೆಂದು ಹೇಳುತ್ತಾಳೆ?

ಬಾಗಿಲು ತೆಗೆದು ಪ್ರಸಾದ ಎತ್ತುವಾಗ ಮಾವನ ಹೆಂಡತಿ ವಾಡಿಕೆಯಂತೆ ಸೆರಗು ಒಡ್ಡಿದಳು. ಅವ್ವ ಅವಳಿಗೆ ಹೂವು, ಹಣ್ಣು ಕೊಟ್ಟಳು. ಬಳೆ ಕೊಡಲಿಲ್ಲ. ತಿರುಗಿ ನನ್ನ ಹತ್ತಿರ ಬಂದು ನನ್ನ ಕೈ ಹಿಡಿದಳು. ಹನ್ನೊಂದನೆಯ ದಿನ ಹಿಡಿದಿದ್ದ ಅದೇ ಕೈ. ಮಣಿಕಟ್ಟಿನ ಗಾಯದ ಕಲೆಯ ಮೇಲೆ ಹೆಬ್ಬೆರಳಿಟ್ಟು ಒಮ್ಮೆ ಸವರಿದಳು.

"ಇಕ್ಕೊ" ಎಂದಳು. "ಸಡ್ಲ ಅವೆ. ಬ್ಯಾಡ ಅನ್ನುಸ್ದಾಗ ನೀನೇ ಬಿಚ್ಬೌದು. ಯಾರೂ ಕುಟ್ಟಂಗಿಲ್ಲ."

ಮನೆಯವರೆಲ್ಲ ನೋಡುತ್ತಿದ್ದರು. ನಾನು ಬೆರಳು ಮಡಚಿದೆ. ಅವು ಹಾಗೇ ಏರಿದವು, ಬಳೆಗಾರನೂ ಬೇಕಾಗಲಿಲ್ಲ. ಸಂಜೆ ಕೊಳ್ಳೇಗಾಲದ ಬಸ್ಸಿನಲ್ಲಿ ಅವ್ವನಿಗೆ ಸೀಟು ಸಿಕ್ಕಿತು, ನಾನು ನಿಂತಿದ್ದೆ. ಮೇಲಿನ ಕಂಬಿ ಹಿಡಿದುಕೊಳ್ಳಲು ಕೈ ಎತ್ತಿದಾಗ ಹನ್ನೆರಡೂ ಬಳೆ ಸದ್ದು ಮಾಡುತ್ತಾ ಮೊಣಕೈವರೆಗೆ ಜಾರಿದವು. ಕೆಳಗೆ ಕೂತಿದ್ದ ಅವ್ವ ತಲೆ ಎತ್ತಿ ನೋಡಿದಳು. ಆಗ ನನಗೆ ಅಳು ಬಂತು. ಹನೂರು ದಾಟಿ ಕೊಳ್ಳೇಗಾಲ ಬರುವ ತನಕ, ಕಂಬಿ ಹಿಡಿದುಕೊಂಡೇ ಅತ್ತೆ.